ಎಲೆ ಸುಕ್ಕಾದ ಆರ್ಕಿಡ್‌ಗೆ ನೀರು ಹಾಕಲಾ, ಬೇಡವಾ?

ಪ್ರಶ್ನೆ: ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಮದುವೆಯಾಗಿ ಕಾರವಾರಕ್ಕೆ ಬಂದು ಆರು ವರ್ಷ. ಕಳೆದ ಫೆಬ್ರವರಿಯಲ್ಲಿ ನರ್ಸರಿಯೊಂದರಿಂದ ಎರಡು ಆರ್ಕಿಡ್ ತಂದೆ, ಹೂ ಬಿಟ್ಟಿದ್ದ ಒಂದು ಫೆಲನಾಪ್ಸಿಸ್, ಒಂದು ನೇರಳೆ ಡೆಂಡ್ರೋಬಿಯಂ. ಫೆಲನಾಪ್ಸಿಸ್ ಹೂವು ಮೇ ತನಕ ಇತ್ತು. ಆಮೇಲೆ ಎಲೆ ಸುಕ್ಕಾಗತೊಡಗಿತು. ನೀರು ಸಾಲುತ್ತಿಲ್ಲವೇನೋ ಅಂತ ದಿನ ಬಿಟ್ಟು ದಿನ ಹಾಕುತ್ತಿದ್ದವಳು ದಿನಾ ಹಾಕತೊಡಗಿದೆ. ಇನ್ನೂ ಸುಕ್ಕಾಯಿತು. ಗೊಬ್ಬರ ಸಾಲದೇನೋ ಅಂತ 19:19:19 ಪುಡಿಯನ್ನು ಲೀಟರಿಗೆ ಒಂದು ಚಮಚದಂತೆ ಕಲಸಿ ವಾರಕ್ಕೊಮ್ಮೆ ಕೊಟ್ಟೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನೂ ಹಾಕಿದೆ. ಈಗ ಆಗಸ್ಟ್. ಕೆಳಗಿನ ಎರಡು ಎಲೆ ಹಳದಿಯಾಗಿ ಉದುರಿವೆ. ಉಳಿದ ಮೂರು ಬಾಡಿದ ವೀಳ್ಯದೆಲೆಯ ಹಾಗಿವೆ. ಡೆಂಡ್ರೋಬಿಯಂ ಮಾತ್ರ ಟೆರೇಸಿನ ಕಟ್ಟೆಯ ಮೇಲೆ ಮಳೆಯಲ್ಲಿ ನೆನೆಯುತ್ತಾ ಚೆನ್ನಾಗಿದೆ, ಆದರೆ ಹೂವಿಲ್ಲ. ತವರಿನಲ್ಲಿ ಹಲಸಿನ ಕೊಂಬೆ ಗಾಳಿಗೆ ಬಿದ್ದಾಗ ಅದರಲ್ಲಿದ್ದ ಸೀತಾಳೆ ಎಂಬ ಕಾಡು ಆರ್ಕಿಡ್ಡನ್ನೂ ತಂದಿದ್ದೇನೆ. 'ಅದಕ್ಕೆ ನೀರು ಬ್ಯಾಡ ಕೂಸೇ, ಮರದ ರಸ ಕುಡೀತು ಅದು' ಎನ್ನುತ್ತಾಳೆ ಆಯಿ. ಪಕ್ಕದ ಮನೆಯವರು ಮೀನು ತೊಳೆದ ನೀರು ಹಾಕಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ನೀರು ಜಾಸ್ತಿಯಾಯಿತಾ, ಕಡಿಮೆಯಾಯಿತಾ?

ಉತ್ತರ: ಕುಂಡಕ್ಕೆ ಜಾಸ್ತಿಯಾಗಿದೆ, ಗಿಡಕ್ಕೆ ಕಡಿಮೆಯಾಗಿದೆ. ಮಳೆಗಾಲದಲ್ಲಿ ನನ್ನ ನರ್ಸರಿಗೆ ಬರುವ ಬಹುಪಾಲು ಫೆಲನಾಪ್ಸಿಸ್‌ಗಳ ಕಥೆ ಇದೇ. ಬೇರು ಕೊಳೆತ ಮೇಲೆ ಕುಂಡದ ತುಂಬ ನೀರಿದ್ದರೂ ಅದು ಎಲೆಗೆ ಮುಟ್ಟುವುದಿಲ್ಲ. ಎಲೆ ಬಾಯಾರಿ ಸುಕ್ಕಾಗುತ್ತದೆ. ಸುಕ್ಕು ನೋಡಿ ನಾವು ಮತ್ತೆ ನೀರು ಹಾಕುತ್ತೇವೆ. ಉಳಿದ ನಾಲ್ಕು ಬೇರೂ ಕೊಳೆಯುತ್ತವೆ. ನಿಮ್ಮದು ಅಂಥ ದೊಡ್ಡ ತಪ್ಪೇನಲ್ಲ. ದಾಸವಾಳ, ಗುಲಾಬಿ ಸಾಕಿದವರ ಕೈ ಎಲೆ ಬಾಡಿದ್ದು ಕಂಡ ಕೂಡಲೇ ತಂಬಿಗೆಗೆ ಹೋಗುತ್ತದೆ, ಅಲ್ವಾ? ಆರ್ಕಿಡ್ ಬೇರಿನ ರೀತಿ ಬೇರೆ ಅಂತ ಗಿಡ ಮಾರಿದವರು ಒಂದು ಮಾತು ಹೇಳಬೇಕಿತ್ತು.

ಇವತ್ತೇ ಒಂದು ಕೆಲಸ ಮಾಡಿ. ಹಳೆ ಪೇಪರ್ ಹಾಸಿಕೊಂಡು ಫೆಲನಾಪ್ಸಿಸ್ಸನ್ನು ಕುಂಡದಿಂದ ಹೊರಗೆ ತೆಗೆಯಿರಿ. ಗಿಡಕ್ಕೆ ನೋವಾಗುತ್ತದೆ ಅಂತ ಹೆದರಬೇಡಿ. ಒಂದೊಂದೇ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಒಳ್ಳೆ ಬೇರು ಎಳೆ ಬೀನ್ಸಿನ ಹಾಗೆ ಗಟ್ಟಿಯಾಗಿರುತ್ತದೆ. ಒಣಗಿದ್ದಾಗ ಬೆಳ್ಳಿ ಬಣ್ಣ, ನಾಲ್ಕು ಹನಿ ನೀರು ಬಿದ್ದ ಕೂಡಲೇ ಹಸಿರು. ಕೊಳೆತ ಬೇರು ಕಂದು. ಒತ್ತಿದರೆ ಪಿಚಕ್ಕನೆ ನೀರು ಬರುತ್ತದೆ. ಮೇಲಿನ ಸಿಪ್ಪೆ ಬೆರಳಿಗೇ ಜಾರಿಬಂದು, ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಹಾಗೇ ಬೇರುಗಳ ನಟ್ಟನಡುವೆ, ಗಿಡದ ಬುಡಕ್ಕೆ ತಾಗಿದಂತೆ, ನೆನೆದ ಹತ್ತಿಯ ಉಂಡೆಯಂಥದ್ದು ಇದೆಯಾ ನೋಡಿ. ಅದು ಸ್ಫ್ಯಾಗ್ನಂ ಎಂಬ ಪಾಚಿ. ಗಿಡ ಮರಿಯಾಗಿದ್ದಾಗ ದೊಡ್ಡ ನರ್ಸರಿಗಳಲ್ಲಿ ಅದರಲ್ಲೇ ಬೆಳೆಸಿರುತ್ತಾರೆ. ಆಮೇಲೆ ಸುತ್ತ ತೊಗಟೆ ಚೂರು ತುಂಬಿ ಮಾರಾಟಕ್ಕೆ ಕಳಿಸುತ್ತಾರೆ. ಮೇಲಿನ ತೊಗಟೆ ಒಣಗಿದ್ದು ಕಾಣುತ್ತದೆ, ನಾವು ನೀರು ಹಾಕುತ್ತೇವೆ. ಒಳಗಿನ ಉಂಡೆ ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ. ನೀವು ಕಳಿಸಿದ ಫೋಟೋದಲ್ಲಿ ಪ್ಲಾಸ್ಟಿಕ್ ಕುಂಡ ಒಂದು ಬಿಳಿ ಪಿಂಗಾಣಿ ಕುಂಡದೊಳಗೆ ಕೂತಿದೆ. ಆ ಪಿಂಗಾಣಿಗೆ ತಳದಲ್ಲಿ ತೂತಿಲ್ಲದಿದ್ದರೆ, ಬೇರು ಎರಡು ತಿಂಗಳಿಂದ ನೀರಲ್ಲೇ ನಿಂತಿದೆ ಅಂತಲೇ ಲೆಕ್ಕ.

ಈಗ ನಿಮ್ಮ ಮನೆಯದ್ದೇ ಒಂದು ಒಗಟು ನೋಡಿ. ದಿನಾ ಮಳೆಯಲ್ಲಿ ನೆನೆಯುವ ಡೆಂಡ್ರೋಬಿಯಂ ಚೆನ್ನಾಗಿದೆ. ಸೂರಿನ ಕೆಳಗೆ ತಂಬಿಗೆ ನೀರು ಕುಡಿದ ಫೆಲನಾಪ್ಸಿಸ್ ಕೊಳೆಯಿತು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದ ಕಾಡಿನ ಸೀತಾಳೆಗಳು ಅಷ್ಟೂ ಮಳೆಯನ್ನು ಮೈಮೇಲೆ ಹೊಯ್ಯಿಸಿಕೊಂಡು ಚೆನ್ನಾಗೇ ಬದುಕಿವೆ. ಅಂದಮೇಲೆ ಬೇರು ಕೊಳೆಸುವುದು ನೀರಲ್ಲ, ನೀರಿನ ಜೊತೆ ಗಾಳಿ ಇಲ್ಲದಿರುವುದು. ಕೊಂಬೆಯ ಮೇಲೆ ಬಿದ್ದ ನೀರು ಹರಿದುಹೋಗುತ್ತದೆ. ಮಳೆ ಹೊಳವಾದ ಅರ್ಧ ಗಂಟೆಯಲ್ಲಿ ಬೇರಿಗೆ ಗಾಳಿ ತಾಗುತ್ತದೆ. ಟೆರೇಸಿನ ಕಟ್ಟೆಯ ಮೇಲೂ ಹಾಗೇ.

ಆರ್ಕಿಡ್ ಬೇರಿನ ಮೇಲೆ ವೆಲಮೆನ್ ಎಂಬ ಹೊದಿಕೆ ಇರುತ್ತದೆ. ಸತ್ತ ಜೀವಕೋಶಗಳ ಪದರ ಅದು, ಸ್ಪಂಜಿನಂಥದ್ದು. ನೀರು ಬಿದ್ದರೆ ಕ್ಷಣಗಳಲ್ಲಿ ಹೀರಿಕೊಂಡು, ಒಳಗಿನ ಜೀವಂತ ಬೇರಿಗೆ ನಿಧಾನವಾಗಿ ಕೊಡುತ್ತದೆ. ಮರದ ಮೇಲೆ ಮಳೆ ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಬಂದಷ್ಟನ್ನು ಹಿಡಿದಿಟ್ಟುಕೊಳ್ಳಲು ಆದ ಏರ್ಪಾಡು ಇದು. ಒಣಗಿದ ಸ್ಪಂಜಿನ ತುಂಬ ಗಾಳಿ ಇರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ನೀರು ತುಂಬಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಸ್ಪಂಜು ಸದಾ ನೆನೆದೇ ಇದ್ದರೆ ಒಳಗಿನ ಬೇರಿಗೆ ಉಸಿರಾಡಲು ಜಾಗವಿಲ್ಲ. ಉಸಿರುಗಟ್ಟಿದ ಬೇರಿಗೆ ಕೊಳೆ ಹತ್ತುವುದು ಸುಲಭ.

ಹಾಗಾಗಿ 'ವಾರಕ್ಕೆ ಎಷ್ಟು ಸಲ ನೀರು' ಎಂಬ ಪ್ರಶ್ನೆಗೆ ನಾನು ಅಂಕಿ ಹೇಳಿದರೂ ಅದನ್ನು ಶಾಸನ ಮಾಡಿಕೊಳ್ಳಬೇಡಿ. ಗಾಳಿಯಾಡುವ ಕುಂಡದಲ್ಲಿ, ಸೂರಿನ ಕೆಳಗಿರುವ ಫೆಲನಾಪ್ಸಿಸ್‌ಗೆ ಕಾರವಾರದಲ್ಲಿ ನಾನು ಶುರು ಮಾಡುವುದು ಹೀಗೆ: ಮಾರ್ಚ್‌ನಿಂದ ಮೇ ತನಕ ಎರಡು ಮೂರು ದಿನಕ್ಕೊಮ್ಮೆ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ನಾಲ್ಕೈದು ದಿನಕ್ಕೊಮ್ಮೆ. ಆರಿದ್ರಾ ಮಳೆ ಹಿಡಿದಲ್ಲಿಂದ ಮಘೆ ಮಳೆ ಮುಗಿಯುವ ತನಕ ಎಂಟು ಹತ್ತು ದಿನಕ್ಕೊಮ್ಮೆ ಹಾಕಿದರೂ ಸಾಕು. ಆ ದಿನಗಳಲ್ಲಿ ಸಾಲಿನ ಮೇಲೆ ಹರವಿದ ಟವೆಲ್ ಮೂರು ದಿನವಾದರೂ ಒಣಗುವುದಿಲ್ಲ. ಟವೆಲ್ಲೇ ಒಣಗಿಲ್ಲ ಅಂದರೆ ಕುಂಡ ಒಣಗಿರುತ್ತದಾ? ಅನುಮಾನವಿದ್ದರೆ ತೆಂಗಿನ ಗರಿಯ ಕಡ್ಡಿಯೊಂದನ್ನು ಕುಂಡದ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಆ ದಿನ ನೀರು ಬೇಡ. ಕುಂಡ ಎತ್ತಿ ತೂಕ ನೋಡುವುದೂ ಒಳ್ಳೆಯದೇ. ಹದಿನೈದು ದಿನ ಎತ್ತಿ ನೋಡಿದರೆ ಕೈಗೇ ಗೊತ್ತಾಗುತ್ತದೆ.

ಹಾಕುವ ದಿನ ಮಾತ್ರ ಧಾರಾಳವಾಗಿ ಹಾಕಿ. ತಳದಿಂದ ಹರಿದುಹೋಗುವಷ್ಟು. ದಿನಾ ಅರ್ಧ ಲೋಟ ಹಾಕುವುದಕ್ಕಿಂತ ವಾರಕ್ಕೊಮ್ಮೆ ಒಂದು ತಂಬಿಗೆ ಸುರಿದು ಬಸಿಯುವುದು ಬೇರಿಗೆ ಹಿತ. ಹೊತ್ತು ಯಾವಾಗಲೂ ಬೆಳಗ್ಗೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಹತ್ತಿಯಲ್ಲೋ ಬಟ್ಟೆಯ ತುದಿಯಲ್ಲೋ ಒತ್ತಿ ತೆಗೆಯಿರಿ. ರಾತ್ರಿಯಿಡೀ ಅಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ. ಸುಳಿ ಹೋದ ಫೆಲನಾಪ್ಸಿಸ್ ಬದಿಯಿಂದ ಮರಿ ಒಡೆಯುವುದು ಅಪರೂಪ. ಕಾಡಿನ ಫೆಲನಾಪ್ಸಿಸ್‌ಗಳು ಮರದ ಕಾಂಡದಿಂದ ಓರೆಯಾಗಿ, ತಲೆ ತಗ್ಗಿಸಿ ಬೆಳೆಯುವುದರಿಂದ ಅವುಗಳ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿದ್ದು ನಾವು.

ಗೊಬ್ಬರದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. 19:19:19 ಅಂದರೆ ನೂರು ಗ್ರಾಂ ಪುಡಿಯಲ್ಲಿ 19 ಗ್ರಾಂ ಸಾರಜನಕ, ಉಳಿದೆರಡು 19 ರಂಜಕ ಮತ್ತು ಪೊಟ್ಯಾಷ್ ಲೆಕ್ಕದವು. ಅಡಿಗೆಮನೆಯ ಒಂದು ಚಮಚ ಸುಮಾರು 5 ಗ್ರಾಂ. ಅದನ್ನು ಒಂದು ಲೀಟರಿಗೆ ಹಾಕಿದರೆ ಲೀಟರಿಗೆ 950 ಮಿಲಿಗ್ರಾಂ ಸಾರಜನಕವಾಯಿತು. ಆರ್ಕಿಡ್‌ಗೆ ಬೇಕಾದದ್ದು 100 ಮಿಲಿಗ್ರಾಂ ಆಸುಪಾಸು. ಅಂದರೆ ನೀವು ಒಂಬತ್ತು ಹತ್ತು ಪಟ್ಟು ಕೊಟ್ಟಿದ್ದೀರಿ, ಅದೂ ಬೇರಿಲ್ಲದ ಗಿಡಕ್ಕೆ. ಅಷ್ಟು ಉಪ್ಪಿನ ದ್ರಾವಣ ಬೇರಿನೊಳಗಿನ ನೀರನ್ನೇ ಹೊರಗೆ ಎಳೆಯುತ್ತದೆ. ಉಪ್ಪಿನಕಾಯಿಗೆ ಉಪ್ಪು ಹಾಕಿದಾಗ ಮಾವಿನಮಿಡಿ ನೀರು ಬಿಟ್ಟು ಮುರುಟುತ್ತದಲ್ಲ, ಅದೇ ಕೆಲಸ ಇಲ್ಲಿಯೂ ನಡೆಯುತ್ತದೆ. ಬೇರಿನ ತುದಿ ಕಪ್ಪಾಗುವುದು, ಎಲೆಯ ತುದಿ ಸುಟ್ಟಂತೆ ಕಂದಾಗುವುದು, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುವುದು, ಎಲ್ಲ ಇದರ ಗುರುತು.

ಅಳತೆ ಹೀಗಿರಲಿ: ಒಂದು ಲೀಟರಿಗೆ ಅರ್ಧ ಗ್ರಾಂ. ಅದೇ ಚಮಚವನ್ನು ಮಟ್ಟ ಮಾಡಿಕೊಂಡು ಹತ್ತು ಲೀಟರಿನ ಒಂದು ಬಕೆಟ್ಟಿಗೆ ಹಾಕಿದರೆ ಸರಿಹೋಯಿತು. ಗಿಡ ಬೆಳೆಯುವ ಕಾಲದಲ್ಲಿ, ಅಂದರೆ ಹೊಸ ಎಲೆ ಅಥವಾ ಹೊಸ ಬೇರು ಬರುತ್ತಿರುವಾಗ, ವಾರಕ್ಕೊಮ್ಮೆ. ಮೊದಲು ಬರೀ ನೀರು ಹಾಕಿ ಬೇರು ಹಸಿರಾಗಲಿ, ಆಮೇಲೆ ಗೊಬ್ಬರದ ನೀರು. ಒಣಗಿದ ಸ್ಪಂಜಿಗೆ ನೇರವಾಗಿ ಉಪ್ಪು ಕುಡಿಸಬಾರದು. ತಿಂಗಳಿಗೊಮ್ಮೆ ಗೊಬ್ಬರ ಬಿಟ್ಟು, ಕುಂಡದ ಮೂರು ನಾಲ್ಕು ಪಟ್ಟು ಬರೀ ನೀರು ಸುರಿದು ತೊಳೆದುಬಿಡಿ. ಇಷ್ಟು ತೆಳು ಮಾಡಿದರೆ ಏನು ಪ್ರಯೋಜನ ಅನ್ನಿಸಬಹುದು. ಕಾಡಿನಲ್ಲಿ ಈ ಗಿಡಕ್ಕೆ ಸಿಗುವುದು ಮಳೆನೀರು ಕೊಂಬೆಯ ಮೇಲೆ ಇಳಿಯುವಾಗ ತೊಳೆದು ತಂದ ಧೂಳು, ಕೊಳೆತ ಎಲೆಯ ಸಾರ, ಹಕ್ಕಿಯ ಹಿಕ್ಕೆ. ತೀರಾ ತೆಳು, ಆದರೆ ಮೇಲಿಂದ ಮೇಲೆ.

ನಮ್ಮ ಮಳೆನೀರಿನಲ್ಲಿ, ಜಂಬಿಟ್ಟಿಗೆ ನೆಲದ ಸಿಹಿ ಬಾವಿ ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆ. 19:19:19 ಪುಡಿಯಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಅರ್ಧ ಗ್ರಾಂ ಒಂದು ಲೀಟರಿಗೆ ಕೊಡಿ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಕಲಸಬೇಡಿ. ಗಟ್ಟಿಯಾಗಿ ಕಲಸಿದರೆ ಸುಣ್ಣವೂ ರಂಜಕವೂ ಸೇರಿ ಬಿಳಿ ಗಸಿಯಾಗಿ ತಳ ಹಿಡಿಯುತ್ತವೆ, ಗಿಡಕ್ಕೆ ಎರಡೂ ಸಿಗುವುದಿಲ್ಲ. ಇನ್ನು ರಂಜಕ ಹೆಚ್ಚಿರುವ 0:52:34 ಗೊಬ್ಬರ ಹಾಕಿದರೆ ಹೂ ಬರುತ್ತದೆ ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ರಂಜಕ ಸುರಿದ ಮಾತ್ರಕ್ಕೆ ಆರ್ಕಿಡ್ ಹೂ ಬಿಡುವುದಿಲ್ಲ. ಹೂವಿನ ಮಾತು ಮುಂದೆ ಬರುತ್ತದೆ.

ಬಾಳೆಸಿಪ್ಪೆ ನೀರು, ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು. ಮೂರೂ ಹಿತ್ತಲಿನ ತೆಂಗಿಗೆ, ಬಸಳೆಗೆ ಒಳ್ಳೆಯವೇ. ಮಣ್ಣಿನಲ್ಲಿ ಅವುಗಳನ್ನು ಕರಗಿಸಿ ಗಿಡಕ್ಕೆ ಉಣಿಸುವ ಸೂಕ್ಷ್ಮಜೀವಿಗಳು, ಎರೆಹುಳು ಎಲ್ಲ ಇವೆ. ತೊಗಟೆ ಚೂರಿನ ಕುಂಡದಲ್ಲಿ ಆ ಬಳಗ ಅಷ್ಟಿಲ್ಲ. ಅಲ್ಲಿ ಆ ನೀರು ಅಂಟಾಗಿ ಕೂತು ಹುಳಿಯುತ್ತದೆ, ಸಣ್ಣ ಕಪ್ಪು ನೊಣ ಏಳುತ್ತವೆ, ಬೇರಿಗೆ ಗಾಳಿ ಇನ್ನೂ ಕಡಿಮೆಯಾಗುತ್ತದೆ. ಮೀನಿನ ನೀರಿನಲ್ಲಿ ಸಮುದ್ರದ ಉಪ್ಪೂ ಇರುತ್ತದೆ. ಪಕ್ಕದ ಮನೆಯವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಅವರ ಮಲ್ಲಿಗೆಗೆ ಅದು ಆಗಿಬಂದಿರಲೂಬಹುದು. ಆರ್ಕಿಡ್‌ಗೆ ಬೇಡ. ತವರಿನಿಂದ ಗೋಬರ್ ಗ್ಯಾಸಿನ ಸ್ಲರಿ ತರುವ ಯೋಚನೆ ಇದ್ದರೆ, ತಿಳಿ ಬಸಿದು ಇಪ್ಪತ್ತು ಪಟ್ಟು ನೀರು ಸೇರಿಸಿ ಮರಕ್ಕೆ ಕಟ್ಟಿದ ಗಿಡಕ್ಕೆ ಚಿಮುಕಿಸಬಹುದು. ಕುಂಡದ ಗಿಡಕ್ಕೆ ನಾನು ಅದನ್ನೂ ಕೊಡುವುದಿಲ್ಲ.

ಕಾರವಾರದವರಿಗೆ ಇನ್ನೊಂದು ಮುಖ್ಯ ವಿಷಯವಿದೆ. ನಿಮ್ಮ ನೀರು ಎಲ್ಲಿಯದು? ಸಮುದ್ರದ ಹತ್ತಿರ, ಹೊಳೆ ಸಮುದ್ರ ಸೇರುವ ಕಡೆಯ ಎಷ್ಟೋ ಬಾವಿಗಳಿಗೆ ಏಪ್ರಿಲ್, ಮೇನಲ್ಲಿ ಉಪ್ಪು ಏರುತ್ತದೆ. ನಾಲಿಗೆಗೆ ಗೊತ್ತಾಗುವ ಮೊದಲೇ ಆರ್ಕಿಡ್ ಬೇರಿಗೆ ಗೊತ್ತಾಗುತ್ತದೆ. ಟಿಡಿಎಸ್ ಮೀಟರ್ ಅಂತ ಪೆನ್ನಿನಷ್ಟುದ್ದದ ಸಾಧನ ಸಿಗುತ್ತದೆ, ದುಬಾರಿಯಲ್ಲ. ನೀರಿಗೆ ಅದ್ದಿದರೆ ಕರಗಿದ ಲವಣದ ಅಂದಾಜು ತೋರಿಸುತ್ತದೆ. 200 ಒಳಗಿದ್ದರೆ ನಿಶ್ಚಿಂತೆ. 500 ದಾಟಿದರೆ ಆ ನೀರು ಆರ್ಕಿಡ್‌ಗೆ ಬೇಡ. (ಗೊಬ್ಬರ ಕಲಸಿದ ನೀರನ್ನು ಇದರಲ್ಲಿ ಅಳೆದು ಸಮಾಧಾನಪಡಬೇಡಿ. ಯೂರಿಯಾ ರೂಪದ ಸಾರಜನಕ ಮೀಟರಿಗೆ ಕಾಣುವುದೇ ಇಲ್ಲ.) ಈಗಂತೂ ಮಳೆಗಾಲ. ಮಾಡಿನಿಂದ ಇಳಿಯುವ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಡಿ, ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿ. ಮೂರ್ನಾಲ್ಕು ಗಿಡಕ್ಕೆ ಬೇಸಿಗೆಯಲ್ಲಿ ಇನ್ನೂರು ಲೀಟರ್ ತುಂಬ ದಿನ ಬರುತ್ತದೆ. ಸಮುದ್ರಕ್ಕೆ ಮುಖ ಮಾಡಿದ ಬಾಲ್ಕನಿಯಾದರೆ ಗಾಳಿಯೇ ಉಪ್ಪು ತಂದು ಎಲೆಗೆ ಸವರುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬೆಳಗ್ಗೆ ಎಲೆ ತೊಳೆಯಿರಿ.

ಕುಂಡಕ್ಕೆ ತುಂಬುವ ತೆಂಗಿನ ಸಿಪ್ಪೆಯ ಉಪ್ಪು ನನಗೇ ಪಾಠ ಕಲಿಸಿದೆ. ನರ್ಸರಿ ಶುರು ಮಾಡಿದ ಎರಡನೇ ವರ್ಷ. ಹಿನ್ನೀರಿನಲ್ಲಿ ಕೊಳೆಹಾಕಿದ್ದ ಸಿಪ್ಪೆ ಅಗ್ಗಕ್ಕೆ ಸಿಕ್ಕಿತು. ತೊಳೆಯದೆ ಕತ್ತರಿಸಿ ನಲವತ್ತು ಡೆಂಡ್ರೋಬಿಯಂ ನೆಟ್ಟೆ. ಒಂದೂವರೆ ತಿಂಗಳಲ್ಲಿ ಹೊಸ ಬೇರುಗಳ ತುದಿಯೆಲ್ಲ ಬತ್ತಿಯ ಕರಿಯಂತಾದವು. ಹನ್ನೆರಡು ಗಿಡ ಉಳಿದವು. ಅಂದಿನಿಂದ ಯಾವ ಸಿಪ್ಪೆಯಾದರೂ ಒಂದು ದಿನ ನೆನೆಸಿ, ನೀರು ಚೆಲ್ಲಿ, ಮತ್ತೆ ನೆನೆಸಿ, ಹೀಗೆ ಮೂರು ಸಲ ಮಾಡದೆ ಕುಂಡಕ್ಕೆ ಹಾಕುವುದಿಲ್ಲ.

ಈಗ ನಿಮ್ಮ ಫೆಲನಾಪ್ಸಿಸ್ ಉಳಿಸುವ ದಾರಿ. ನನಗೆ ಸರಿ ಅನ್ನಿಸುವುದು ಇದು. ಸ್ಟೌವಿನ ಜ್ವಾಲೆಗೆ ಹಿಡಿದು ಆರಿಸಿದ ಕತ್ತರಿಯಿಂದ ಕೊಳೆತ ಬೇರನ್ನೆಲ್ಲ ಕತ್ತರಿಸಿ. ಪಾಚಿಯ ಉಂಡೆ ಬಿಡಿಸಿ ಎಸೆಯಿರಿ. ಗಟ್ಟಿ ಬೇರು ಎರಡೇ ಇದ್ದರೂ ಬಿಡಬೇಡಿ, ಅವೇ ಈಗ ಬಂಡವಾಳ. ಒಂದು ದಿನ ನೆರಳಿನಲ್ಲಿ, ಗಾಳಿಯಲ್ಲಿ ಹಾಗೇ ಮಲಗಿಸಿ, ಗಾಯ ಒಣಗಲಿ. ಆಮೇಲೆ ನಾಲ್ಕಿಂಚಿನ ಮಣ್ಣಿನ ಕುಂಡಕ್ಕೆ ಅಡಿಯಲ್ಲಿ ಹೆಂಚಿನ ಚೂರು, ಮೇಲೆ ಬೆರಳ ಗಾತ್ರದ ಇದ್ದಲು ಹಾಕಿ ಕೂರಿಸಿ. ಕುಂಡದ ಬದಿಗೂ ತೂತಿದ್ದರೆ ಇನ್ನೂ ಒಳ್ಳೆಯದು. ದೊಡ್ಡ ಕುಂಡ ಬೇಡ, ಅದು ಒಣಗಲು ಹೊತ್ತಾಗುತ್ತದೆ. ಗಿಡ ಅಲುಗಾಡದಂತೆ ಒಂದು ಕಡ್ಡಿಗೆ ಕಟ್ಟಿ. ಅಲುಗುವ ಗಿಡದ ಹೊಸ ಬೇರಿನ ತುದಿ ಉಜ್ಜಿ ಮುರಿಯುತ್ತದೆ. ವಾರಕ್ಕೊಮ್ಮೆ ನೀರು. ಗೊಬ್ಬರ ಏನೂ ಬೇಡ.

ಬೇರೆ ಊರಿನಲ್ಲಾದರೆ ಬೇರಿಲ್ಲದ ಗಿಡವನ್ನು ಪ್ಲಾಸ್ಟಿಕ್ ಚೀಲ ಮುಚ್ಚಿ ತೇವದಲ್ಲಿಡಿ ಅನ್ನುತ್ತಿದ್ದೆ. ಆಗಸ್ಟಿನ ಕಾರವಾರದಲ್ಲಿ ಅದು ಬೇಡ. ಗಾಳಿಯೇ ಅಷ್ಟು ತೇವವಾಗಿದೆ, ಎಲೆಯಿಂದ ನೀರು ಹೋಗುವುದು ಕಡಿಮೆ. ಕುಂಡದ ಬೇರು ಕೊಳೆಸಿದ ಅದೇ ತೇವ ಈಗ ಎಲೆಯನ್ನು ಉಳಿಸಿಕೊಡುತ್ತದೆ. ಹಾಗಾಗಿ ಮಳೆ ನಿಲ್ಲಲಿ, ಆಮೇಲೆ ಕುಂಡ ಬದಲಿಸೋಣ ಅಂತ ಕಾಯಬೇಡಿ. ಕಾದರೆ ಬೇರು ಪೂರ್ತಿ ಹೋಗುತ್ತದೆ. ಅಕ್ಟೋಬರ್ ಬಿಸಿಲು ಬಂದ ಮೇಲೆ ಎಲೆಯನ್ನು ಹಿಡಿದಿಡುವುದೂ ಕಷ್ಟ.

ಇನ್ನೊಂದು ದಾರಿ, ಕುಂಡವೇ ಬೇಡ ಅಂತ ಮಾವಿನ ಮರದ ಕಾಂಡಕ್ಕೋ ಒಂದು ಒರಟು ಹಲಗೆಗೋ ಕಟ್ಟುವುದು. ಕೊಳೆಯುವ ಭಯವೇ ಇಲ್ಲ. ಆದರೆ ಮಾರ್ಚ್ ಬಂದಮೇಲೆ ದಿನಾ ನೀರು, ಕೆಲವೊಮ್ಮೆ ಎರಡು ಸಲ ಬೇಕು. ನೀವು ನಾಲ್ಕು ದಿನ ತವರಿಗೆ ಹೋದರೆ ನೋಡುವವರು ಯಾರು? ಅದನ್ನು ಯೋಚಿಸಿ ಕಟ್ಟಿ. ಒಂದೂ ಜೀವಂತ ಬೇರಿಲ್ಲ, ಬುಡವೂ ಕಪ್ಪಾಗಿ ಮೆತ್ತಗಾಗಿದೆ ಅಂದರೆ ಮಾತ್ರ ಗಿಡದ ಆಸೆ ಬಿಡಿ, ಅದರ ಹಿಂದೆ ಆರು ತಿಂಗಳು ಕಳೆಯುವುದು ಬೇಡ. ಎಲ್ಲ ಸರಿಹೋದರೂ ಹೊಸ ಬೇರು ಬರಲು ಒಂದೆರಡು ತಿಂಗಳು ಬೇಕು. ಸುಕ್ಕಾದ ಹಳೆ ಎಲೆ ಮತ್ತೆ ನಯವಾಗದಿದ್ದರೆ ಬೇಸರ ಬೇಡ. ಗಿಡದ ಆರೋಗ್ಯ ಹೇಳುವುದು ಸುಳಿಯಿಂದ ಬರುವ ಹೊಸ ಎಲೆ.

ಎಲೆಯ ಮೇಲೋ ಬುಡದಲ್ಲೋ ನೀರು ತುಂಬಿದಂಥ ಕಪ್ಪು ಕಲೆ ಕಂಡು, ಎರಡು ದಿನದಲ್ಲಿ ಹರಡಿದರೆ ಅದು ಕಪ್ಪುಕೊಳೆ. ಅಡಿಕೆಗೆ ಕೊಳೆ, ಕಾಳುಮೆಣಸಿಗೆ ಸೊರಗು ರೋಗ ತರುವ ಫೈಟೋಫ್ತೊರಾ ಗುಂಪಿನ ಜೀವಿಯೇ ಇದರ ಕಾರಣವೂ ಹೌದು. ಕಲೆಯಿಂದ ಒಂದಿಂಚು ಆಚೆಗೆ, ಹಸಿರು ಭಾಗ ಸೇರಿಸಿ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ. ಬೇರಿಗೆ ತಾಗಿಸಬೇಡಿ, ಬೇರನ್ನು ಅದು ಒಣಗಿಸುತ್ತದೆ. ತವರಿನ ತೋಟಕ್ಕೆ ಅಡಿಕೆ ಕೊಳೆ ತಡೆಯಲು ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು 'ಇದಕ್ಕೂ ಕೊಳೆಯೇ ಅಲ್ವಾ' ಅಂತ ಆರ್ಕಿಡ್‌ಗೆ ಹೊಡೆಯಬೇಡಿ. ಅದರಲ್ಲಿರುವ ತಾಮ್ರ ಆರ್ಕಿಡ್‌ಗಳನ್ನು, ಅದರಲ್ಲೂ ಡೆಂಡ್ರೋಬಿಯಂಗಳನ್ನು ಸುಡುತ್ತದೆ. ಶಿರಸಿ ಕಡೆಯಿಂದ ಹೀಗೆ ಸುಟ್ಟ ಗಿಡ ಪ್ರತಿ ಮಳೆಗಾಲದಲ್ಲೂ ನನ್ನ ಹತ್ತಿರ ಬರುತ್ತವೆ.

ಹೂವಿನ ವಿಷಯ. ಡೆಂಡ್ರೋಬಿಯಂ ಬಗ್ಗೆ ಚಿಂತೆ ಬೇಡ. ನೀವು ತಂದಿರುವ ನೇರಳೆ ಬಗೆ ಸೆಖೆಯನ್ನು ಇಷ್ಟಪಡುವ ಗಿಡ, ಕರಾವಳಿ ಅದಕ್ಕೆ ತವರಿನಂತೆ. ಈಗ ಮೋಡದ ದಿನಗಳಲ್ಲಿ ಅದು ಹೊಸ ಕೋಲು, ಅಂದರೆ ಹೊಸ ಕಾಂಡ, ಬೆಳೆಸಿಕೊಳ್ಳುತ್ತಿದೆ. ಮಳೆ ಹೊಳವಾದ ದಿನ ನೋಡಿ ವಾರಕ್ಕೊಮ್ಮೆ ಗೊಬ್ಬರ ಕೊಡಿ, ಇದಕ್ಕೆ ಲೀಟರಿಗೆ ಒಂದು ಗ್ರಾಂ ತನಕ ನಡೆಯುತ್ತದೆ. ಕೋಲು ಬಲಿತು, ಅಕ್ಟೋಬರ್ ನಂತರ ಬೆಳಗಿನ ಎಳೆಬಿಸಿಲು ಸಿಕ್ಕರೆ ಹೂಗೊಂಚಲು ಬರುತ್ತದೆ. ಎಲೆ ಉದುರಿದ ಹಳೆ ಕೋಲುಗಳನ್ನು ಒಣಗಿದವು ಅಂತ ಕತ್ತರಿಸಬೇಡಿ. ಹಸಿರಿದ್ದಷ್ಟು ದಿನ ಅವು ನೀರು, ಆಹಾರ ಕೂಡಿಟ್ಟ ಕಣಜ. ರಾತ್ರಿ ಟಾರ್ಚ್ ಹಿಡಿದು ಬಸವನಹುಳ ನೋಡಿ ಹೆಕ್ಕಿ, ಬೇರಿನ ಎಳೆ ತುದಿ ಅವಕ್ಕೆ ಬಲು ಇಷ್ಟ.

ಫೆಲನಾಪ್ಸಿಸ್ ಹಾಗಲ್ಲ. ಅದಕ್ಕೆ ಹೂಗೊಂಚಲು ಹೊರಡಬೇಕಾದರೆ ಕೆಲವು ವಾರ 25 ಡಿಗ್ರಿಗಿಂತ ಕಡಿಮೆ ತಂಪು ಬೇಕು. ಹಗಲೂ ರಾತ್ರಿ 28 ದಾಟಿದ ಸೆಖೆಯಲ್ಲಿ ಎಲೆ ಬೆಳೆಸುತ್ತದೆ, ಹೂ ಕೊಡುವುದಿಲ್ಲ. ಕಾರವಾರದ ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿ ಇಳಿಯುವುದು ಕಡಿಮೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್ ಬೆಳಗಿನ ಚಳಿ ನಿಮಗೇ ಗೊತ್ತು. ಆದ್ದರಿಂದ ಮುಂದಿನ ವರ್ಷ, ಈ ಗಿಡ ಚೇತರಿಸಿಕೊಂಡು ನಾಲ್ಕೈದು ಗಟ್ಟಿ ಎಲೆ ಬಂದ ಮೇಲೆ, ನವೆಂಬರ್ ಕೊನೆಗೆ ಅದನ್ನು ತವರಿಗೆ ಕಳಿಸಿ. ಜಗಲಿಯಲ್ಲಿ ಬೆಳಕಿರುವ, ಬಿಸಿಲು ಬೀಳದ ಕಡೆ ಇರಲಿ. ಅಲ್ಲಿ ಇದ್ದಾಗ ನೀರು ಇನ್ನೂ ಕಡಿಮೆ, ವಾರಕ್ಕೊಮ್ಮೆ ಸಾಕು ಅಂತ ಆಯಿಗೆ ಹೇಳಿ. ಇದರಲ್ಲಿ ಒಂದು ಅಪಾಯವಿದೆ. ಮೊಗ್ಗು ಬಿಟ್ಟ ಗಿಡವನ್ನು ದೇವಿಮನೆ ಘಟ್ಟ ಇಳಿಸಿ ತಂದರೆ ಕುಲುಕಾಟಕ್ಕೆ, ಸೆಖೆಗೆ ಮೊಗ್ಗೆಲ್ಲ ಉದುರಬಹುದು. ಗೊಂಚಲಿನ ಹೂ ಹೆಚ್ಚಿನವು ಅರಳಿದ ಮೇಲೆ ತನ್ನಿ. ಇಷ್ಟೆಲ್ಲ ಓಡಾಟ ಬೇಡ ಅನ್ನಿಸಿದರೆ ಕಾರವಾರದ ಮನೆಗೆ ಡೆಂಡ್ರೋಬಿಯಂ, ವಾಂಡಾ ಜಾತಿಯ ಆರ್ಕಿಡ್ ಹೆಚ್ಚು ಸೂಕ್ತ. ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ.

ಕೊನೆಗೆ ಆಯಿಯ ಮಾತು. ಮರದ ರಸ ಕುಡಿಯುವುದು ಬಂದಳಿಕೆ. ಅದರ ಬೇರು ಮಾವಿನ ಕೊಂಬೆಯ ಒಳಗೆ ಇಳಿದಿರುತ್ತದೆ, ಕಿತ್ತರೆ ಕೊಂಬೆಯೂ ಸೀಳುತ್ತದೆ. ಸೀತಾಳೆ ಹಾಗಲ್ಲ. ನೀವು ತಂದ ಹಲಸಿನ ಕೊಂಬೆಯ ಮೇಲೆ ಒಂದು ಹಳೆ ಬೇರನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಎತ್ತಿ ನೋಡಿ. ತೊಗಟೆಯ ಮೇಲೆ ಬೇರು ಅಂಟಿದ್ದ ಗುರುತು ಮಾತ್ರ ಇರುತ್ತದೆ, ಒಳಗೆ ಏನೂ ಹೋಗಿರುವುದಿಲ್ಲ. ಮರ ಅದಕ್ಕೆ ಕೂರಲು ಜಾಗ ಕೊಟ್ಟಿದೆ ಅಷ್ಟೇ. ಹಾಗಂತ ಆಯಿ ಹೇಳಿದ್ದು ಪೂರ್ತಿ ತಪ್ಪಲ್ಲ. ಮರದ ಮೇಲೆ ಬೇರೂರಿದ ಸೀತಾಳೆಗೆ ಯಾರೂ ನೀರು ಹಾಕುವುದಿಲ್ಲ, ಅದು ಬೇಸಿಗೆ ಕಳೆದು ಮಳೆ ಬರುವ ಹೊತ್ತಿಗೆ ದಂಡೆ ದಂಡೆ ಹೂ ಬಿಡುತ್ತದೆ. ಆದರೆ ನಿಮ್ಮದು ಜಾಗ ಕಳೆದುಕೊಂಡ ಗಿಡ. ಈ ಮಳೆ ಮುಗಿಯುವುದರೊಳಗೆ ಕೊಂಬೆ ಸಮೇತ ಒಂದು ಜೀವಂತ ಮರಕ್ಕೆ, ಪೂರ್ವದ ಬೆಳಕು ಬೀಳುವ ಕಡೆ, ಹತ್ತಿ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಹೊಸ ಬೇರು ಹೊಸ ಮರದ ತೊಗಟೆಯನ್ನು ಹಿಡಿಯುವ ತನಕ, ಅಂದರೆ ಬರುವ ಬೇಸಿಗೆ ಪೂರ್ತಿ, ದಿನಾ ಬೆಳಗ್ಗೆ ನೀರು ಚಿಮುಕಿಸಬೇಕು. ಗೊಬ್ಬರ ಬೇಕಿಲ್ಲ. ಬಿದ್ದ ಕೊಂಬೆಯಿಂದ ತಂದದ್ದು ಒಳ್ಳೆಯದಾಯಿತು. ಕಾಡಿನ ಮರದಿಂದ ಕಿತ್ತು ತರುವುದು ಮಾತ್ರ ಬೇಡ. ಕಾನೂನಿಗೂ ತಪ್ಪು, ಹಾಗೆ ಕಿತ್ತು ತಂದ ಗಿಡಗಳಲ್ಲಿ ಬದುಕುವುದೂ ಕಡಿಮೆ.

ಅಕ್ಟೋಬರ್‌ನಲ್ಲಿ ಫೆಲನಾಪ್ಸಿಸ್ ಬುಡವನ್ನೊಮ್ಮೆ ಹತ್ತಿರದಿಂದ ನೋಡಿ. ಕೆಳಗಿನ ಎಲೆಯ ಕಂಕುಳಲ್ಲಿ ಅಕ್ಕಿ ಕಾಳಿನಷ್ಟು ಹಸಿರು ಮೊನೆ ಕಂಡರೆ, ಅದು ಹೊಸ ಬೇರು. ಅದು ಬೆರಳಿನ ಅರ್ಧದಷ್ಟು ಉದ್ದವಾದ ಮೇಲೆ ಗೊಬ್ಬರದ ಡಬ್ಬ ಕೆಳಗಿಳಿಸಿ, ಹತ್ತು ಲೀಟರಿನ ಬಕೆಟ್ಟಿಗೆ ಒಂದು ಮಟ್ಟ ಚಮಚ. ಅಲ್ಲಿಯವರೆಗೆ ಆ ಡಬ್ಬ ಮೇಲಿನ ಗೂಡಿನಲ್ಲೇ ಇರಲಿ.